ಸೀಟಿ ಕೈ ಬದಲಿಸಿದ ಮೇಲೆ

ಗೇಬ್ ಪೋಲ್ಸ್ಕಿ ಅವರ ‘ರೆಡ್ ಆರ್ಮಿ’ (2014) ಸಾಕ್ಷ್ಯಚಿತ್ರದ ಮೊದಲ ದೃಶ್ಯದಲ್ಲಿ ಕಥಾನಾಯಕನಿಗೆ ನಿರ್ದೇಶಕರ ಕಡೆ ನೋಡಲೂ ಪುರುಸೊತ್ತಿಲ್ಲ. ಕ್ಯಾಮೆರಾದ ಎದುರು ಕೂತಿರುವವರು ವ್ಯಾಚೆಸ್ಲಾವ್ ಫೆಟಿಸೋವ್. ಐಸ್ ಹಾಕಿಯ ಲೋಕ ಅವರನ್ನು ಸ್ಲಾವಾ ಎಂದು ಕರೆಯುತ್ತದೆ. ನಿರ್ದೇಶಕರು ಪ್ರಶ್ನೆ ಕೇಳುತ್ತಾರೆ, ಫೆಟಿಸೋವ್ ಫೋನಿನಲ್ಲಿ ಮುಳುಗಿದ್ದಾರೆ. ಮತ್ತೊಮ್ಮೆ ಕೇಳುತ್ತಾರೆ. ಉತ್ತರವಿಲ್ಲ. ಈ ಮೌನದ ನಡುವೆಯೇ ಅವರು ಗೆದ್ದ ಪದಕ, ಪ್ರಶಸ್ತಿಗಳ ಪಟ್ಟಿ ಪರದೆಯ ಮೇಲೆ ಮೂಡುತ್ತದೆ. ನಿರ್ದೇಶಕರು ಬಿಡದೆ ಕೆಣಕಿದಾಗ ಫೆಟಿಸೋವ್ ನಡುಬೆರಳು ಎತ್ತಿ ತೋರಿಸುತ್ತಾರೆ. ಬೇರೆಯವರಾಗಿದ್ದರೆ ಈ ತುಣುಕನ್ನು ಸಂಕಲನದಲ್ಲೇ ಕತ್ತರಿಸಿ ಎಸೆಯುತ್ತಿದ್ದರು. ಪೋಲ್ಸ್ಕಿ ಅದನ್ನು ತಂದು ಹೊಸ್ತಿಲಲ್ಲೇ ಇಟ್ಟಿದ್ದಾರೆ. ಮೊದಲ ಸಲ ನೋಡಿದಾಗ ನಗು ಬರುತ್ತದೆ. ಎರಡನೇ ಸಲ ನೋಡುವಾಗ ನನಗೆ ನಗು ಬರಲಿಲ್ಲ. ಕಾರಣಕ್ಕೆ ಆಮೇಲೆ ಬರುತ್ತೇನೆ.

ಹಾಕಿ ಅಂದರೆ ನಮಗೆ ಬಯಲಿನ ಆಟ, ಹಾಗಾಗಿ ಎರಡು ಮಾತು ಹೇಳಿಬಿಡಬೇಕು. ಐಸ್ ಹಾಕಿಯಲ್ಲಿ ತಂಡಕ್ಕೆ ಆರು ಜನ. ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆಂಡರ್‌ಗಳು, ಮೂವರು ಮುಂಪಡೆಯವರು. ಚೆಂಡಿನ ಜಾಗದಲ್ಲಿ ರಬ್ಬರಿನ ಚಪ್ಪಟೆ ಬಿಲ್ಲೆ, ಅದರ ಹೆಸರು ಪಕ್. ಆಟದ ವೇಗ ಎಷ್ಟೆಂದರೆ ಒಂದು ನಿಮಿಷದೊಳಗೇ ಆಟಗಾರರಿಗೆ ಏದುಸಿರು ಬರುತ್ತದೆ. ಅವರು ಹೊರಗೆ ಬಂದು ಬೆಂಚಿನಲ್ಲಿದ್ದವರು ಒಳಗೆ ಹೋಗುತ್ತಾರೆ. ಸೋವಿಯತ್ ಹಾಕಿಯಲ್ಲಿ ಐವರನ್ನು ಒಂದು ಕಟ್ಟಿನಂತೆ ಒಟ್ಟಿಗೇ ಇಳಿಸಿ ಒಟ್ಟಿಗೇ ಹೊರಗೆ ಕರೆಯುವ ರೂಢಿಯಿತ್ತು. 1980ರ ದಶಕದಲ್ಲಿ ಅಂಥ ಒಂದು ಕಟ್ಟು ಜಗತ್ತನ್ನೇ ಬೆರಗುಗೊಳಿಸಿತು. ಡಿಫೆನ್ಸಿನಲ್ಲಿ ಫೆಟಿಸೋವ್ ಮತ್ತು ಅಲೆಕ್ಸೈ ಕಸಾತೊನೋವ್, ಮುಂದೆ ವ್ಲಾದಿಮಿರ್ ಕ್ರುತೋವ್, ಇಗೋರ್ ಲಾರಿಯೊನೋವ್, ಸೆರ್ಗೈ ಮಕಾರೋವ್. ಕೆನಡಾದವರದು ಪಕ್ ಅನ್ನು ಮುಂದಕ್ಕೆ ಎಸೆದು ಅದರ ಹಿಂದೆ ಓಡಿ, ಎದುರಾಳಿಗೆ ಮೈ ಹೊಡೆದು ಕಸಿದುಕೊಳ್ಳುವ ಆಟ. ಇವರದು ಬೇರೆ. ಮುಂದೆ ದಾರಿ ಇಲ್ಲವೆಂದರೆ ಪಕ್ ಹಿಂದಕ್ಕೆ ಬರುತ್ತದೆ, ಐವರೂ ಮತ್ತೆ ಹೊಸದಾಗಿ ಹೆಣೆದುಕೊಳ್ಳುತ್ತಾರೆ, ನಾಲ್ಕಾರು ಪಾಸ್‌ಗಳಾಗುವ ಹೊತ್ತಿಗೆ ಎದುರಾಳಿ ಡಿಫೆಂಡರ್‌ಗಳು ಯಾರನ್ನು ಹಿಡಿಯಬೇಕೆಂದು ತಿಳಿಯದೆ ನಿಂತಿರುತ್ತಾರೆ. ಚಿತ್ರದಲ್ಲಿ ಈ ತುಣುಕುಗಳು ಬರುವಾಗ ಯಾರೂ ಏನನ್ನೂ ವಿವರಿಸದಿದ್ದರೂ ನಡೆಯುತ್ತದೆ.

ಪೋಲ್ಸ್ಕಿಯವರ ತಂದೆತಾಯಿ ಸೋವಿಯತ್ ನೆಲದಿಂದ ಅಮೆರಿಕಕ್ಕೆ ಬಂದ ವಲಸಿಗರು. ಅವರು ಸ್ವತಃ ಯೇಲ್ ವಿಶ್ವವಿದ್ಯಾಲಯಕ್ಕೆ ಐಸ್ ಹಾಕಿ ಆಡಿದವರು. ಈ ಸೌಂದರ್ಯ ಎಲ್ಲಿಂದ ಬಂತು, ಅದಕ್ಕೆ ಎಷ್ಟು ಬೆಲೆ ತೆತ್ತರು ಎನ್ನುವುದು ಅವರ ಪ್ರಶ್ನೆ. ಉತ್ತರವಾಗಿ ಅವರು ಇಬ್ಬರು ಕೋಚ್‌ಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಒಬ್ಬರು ಅನತೋಲಿ ತರಾಸೋವ್. ದೊಡ್ಡ ಮೈ, ದೊಡ್ಡ ಗಂಟಲು, ಬ್ಯಾಲೆ ಮತ್ತು ಚದುರಂಗದಿಂದ ಹಾಕಿಗೆ ಪಾಠ ತಂದವರು. ಇನ್ನೊಬ್ಬರು ವಿಕ್ಟರ್ ತಿಖೊನೋವ್. 1977ರಲ್ಲಿ ಸೈನ್ಯದ ತಂಡವಾದ ಸಿಎಸ್‌ಕೆಎ ಮತ್ತು ರಾಷ್ಟ್ರೀಯ ತಂಡ ಎರಡನ್ನೂ ವಹಿಸಿಕೊಂಡವರು. ವರ್ಷದ ಹನ್ನೊಂದು ತಿಂಗಳು ಆಟಗಾರರನ್ನು ಶಿಬಿರದಲ್ಲಿ ಕೂಡಿಹಾಕಿದವರು. ಆಂದ್ರೈ ಖೊಮುತೋವ್ ಎಂಬ ಆಟಗಾರನ ತಂದೆ ಸಾಯುತ್ತಿದ್ದಾಗಲೂ ನೋಡಿಬರಲು ಬಿಡಲಿಲ್ಲ ಎಂಬ ಮಾತು ಚಿತ್ರದಲ್ಲಿ ಬರುತ್ತದೆ. ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್ ಮನೆಯಲ್ಲಿದ್ದುಕೊಂಡು ಆಡುತ್ತೇನೆ ಎಂದು ಕೇಳಿ, ಅದಕ್ಕೆ ಒಪ್ಪಿಗೆ ಸಿಗದೆ 1984ರಲ್ಲಿ, ತಮ್ಮ 32ನೇ ವಯಸ್ಸಿಗೇ ನಿವೃತ್ತರಾದರು.

ಕಥೆ ಹೇಳಲು ಇದು ಅನುಕೂಲದ ಜೋಡಿ: ಪ್ರೀತಿಯ ಅಜ್ಜ, ಕ್ರೂರ ದಂಡನಾಯಕ. ಆದರೆ ಎಲ್ಲೋ ತುಂಬ ಸಲೀಸಾಯಿತು ಅನ್ನಿಸುತ್ತದೆ. ತರಾಸೋವ್ ಮೃದು ಮನುಷ್ಯರೇನಲ್ಲ. ಅವರ ತಾಲೀಮಿನ ಬಿರುಸು ಅವರ ಆಟಗಾರರೆಲ್ಲರ ನೆನಪಿನಲ್ಲಿ ಉಳಿದ ಸಂಗತಿ. ಆಟಗಾರರನ್ನು ಶಿಬಿರದಲ್ಲಿಟ್ಟು ಬೆಳೆಸುವ ಪದ್ಧತಿಯನ್ನೂ ತಿಖೊನೋವ್ ಕಂಡುಹಿಡಿಯಲಿಲ್ಲ, ಇದ್ದದ್ದನ್ನು ಬಿಗಿಗೊಳಿಸಿದರು. ಮೇಲಾಗಿ ತಿಖೊನೋವ್ ಚಿತ್ರಕ್ಕೆ ಸಂದರ್ಶನ ಕೊಡಲಿಲ್ಲ. ಹಾಗಾಗಿ ಅವರ ಪರವಾಗಿ ಹೇಳಬಹುದಾದದ್ದು ಚಿತ್ರದೊಳಗೆ ಬರುವುದೇ ಇಲ್ಲ: 1978ರಿಂದ 1989ರವರೆಗೆ ಸಿಎಸ್‌ಕೆಎ ಸತತ 12 ಬಾರಿ ದೇಶದ ಚಾಂಪಿಯನ್ ಆಗಿತ್ತು, ಈ ಐವರೂ ಹೋದ ಮೇಲೆ, ದೇಶವೇ ಒಡೆದ ಮೇಲೆ, 1992ರಲ್ಲಿ ಹೊಸ ಹುಡುಗರನ್ನು ಕಟ್ಟಿಕೊಂಡು ತಿಖೊನೋವ್ ಮತ್ತೆ ಒಲಿಂಪಿಕ್ ಚಿನ್ನ ಗೆದ್ದರು. ಇದು ಅವರ ಕ್ರೌರ್ಯಕ್ಕೆ ಸಮರ್ಥನೆ ಅಲ್ಲ. ಅವರಿಗೆ ಆಟವೇ ಗೊತ್ತಿರಲಿಲ್ಲ ಎಂಬ ಭಾವನೆ ನೋಡುಗರಲ್ಲಿ ಉಳಿಯಬಾರದು, ಅಷ್ಟೇ.

ಇಲ್ಲಿ ಇನ್ನೊಂದು ಚಿತ್ರವನ್ನು ಪಕ್ಕಕ್ಕಿಟ್ಟು ನೋಡಬೇಕು. ಗ್ಯಾವಿನ್ ಓ'ಕಾನರ್ ನಿರ್ದೇಶನದ ‘ಮಿರಾಕಲ್’ (2004). ಕರ್ಟ್ ರಸೆಲ್ ಅದರಲ್ಲಿ ಅಮೆರಿಕದ ಕೋಚ್ ಹರ್ಬ್ ಬ್ರೂಕ್ಸ್ ಆಗಿದ್ದಾರೆ. 1960ರ ಒಲಿಂಪಿಕ್ ತಂಡದಿಂದ ಕೊನೇ ಗಳಿಗೆಯಲ್ಲಿ ಕೈಬಿಟ್ಟ ಆಟಗಾರ ಈ ಬ್ರೂಕ್ಸ್. ಅವರಿಲ್ಲದ ಆ ತಂಡ ಚಿನ್ನ ಗೆದ್ದಿತು. ಇಪ್ಪತ್ತು ವರ್ಷದ ನಂತರ ಕಾಲೇಜು ಹುಡುಗರ ತಂಡ ಕಟ್ಟಿಕೊಂಡು ಅವರು 1980ರ ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್‌ನಲ್ಲಿ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿದರು. ಚಿತ್ರದಲ್ಲಿ ಒಂದು ದೃಶ್ಯವಿದೆ, ನಿಜವಾಗಿ ನಡೆದದ್ದು. ನಾರ್ವೆ ಎದುರು ಪಂದ್ಯ ಡ್ರಾ ಆದ ಸಿಟ್ಟಿಗೆ ಬ್ರೂಕ್ಸ್ ಆಟಗಾರರನ್ನು ಮನೆಗೆ ಬಿಡುವುದಿಲ್ಲ. ದೀಪ ಆರಿದ ಮೇಲೂ ಕತ್ತಲಲ್ಲಿ ಈ ತುದಿಯಿಂದ ಆ ತುದಿಗೆ ಓಡಿಸುತ್ತಲೇ ಇರುತ್ತಾರೆ. ಹುಡುಗರು ವಾಂತಿ ಬರುವಷ್ಟು ಬಳಲುತ್ತಾರೆ. ಹಿನ್ನೆಲೆ ಸಂಗೀತ ಏರುತ್ತದೆ, ನೋಡುಗರಿಗೆ ರೋಮಾಂಚನ. ಒಂದು ಚಿತ್ರದಲ್ಲಿ ಹಿಂಸೆ ಅನ್ನಿಸಿಕೊಂಡದ್ದು ಇನ್ನೊಂದರಲ್ಲಿ ತಪಸ್ಸು ಅನ್ನಿಸಿಕೊಳ್ಳುತ್ತದೆ. ಅಮೆರಿಕದ ಹುಡುಗರು ಬೇಡವೆಂದರೆ ಮನೆಗೆ ಹೋಗಬಹುದಿತ್ತು, ಸೋವಿಯತ್ ಆಟಗಾರರು ಸೈನ್ಯದ ಅಧಿಕಾರಿಗಳು, ಹೋಗುವಂತಿರಲಿಲ್ಲ. ಆ ವ್ಯತ್ಯಾಸ ದೊಡ್ಡದು, ಒಪ್ಪೋಣ. ಆದರೆ ಎರಡೂ ಚಿತ್ರಗಳು ಆ ವ್ಯತ್ಯಾಸವನ್ನು ವಾದ ಮಾಡಿ ಸ್ಥಾಪಿಸುವುದಿಲ್ಲ, ಸಂಗೀತದಿಂದ ಸ್ಥಾಪಿಸುತ್ತವೆ. ತಮಾಷೆಯೆಂದರೆ ಬ್ರೂಕ್ಸ್ ಕಲಿತದ್ದು ಸೋವಿಯತ್ ಪದ್ಧತಿಯನ್ನೇ. ತರಾಸೋವ್ ಅವರ ಆಟವನ್ನೇ ಅಮೆರಿಕದ ಹುಡುಗರ ಕಾಲಿಗೆ ಹೊಂದಿಸಿದರು.

‘ರೆಡ್ ಆರ್ಮಿ’ಯ ಅತ್ಯುತ್ತಮ ಭಾಗ ಫೆಟಿಸೋವ್ ಬಂಡೆದ್ದ ಭಾಗ. 1988ರಲ್ಲಿ ಲಾರಿಯೊನೋವ್ ‘ಅಗನ್ಯೋಕ್’ ವಾರಪತ್ರಿಕೆಯಲ್ಲಿ ತಿಖೊನೋವ್ ವಿರುದ್ಧ ಬಹಿರಂಗ ಪತ್ರ ಬರೆದರು. ಅಮೆರಿಕದ ಎನ್‌ಎಚ್‌ಎಲ್ ಲೀಗಿಗೆ ಆಡಲು ಬಿಡುತ್ತೇವೆಂದು ಕೊಟ್ಟ ಮಾತು ತಪ್ಪಿದಾಗ ಫೆಟಿಸೋವ್ ಇನ್ನು ತಿಖೊನೋವ್ ಕೈಕೆಳಗೆ ಆಡುವುದಿಲ್ಲ ಎಂದರು. ಓಡಿಹೋಗುವ ದಾರಿಯಿತ್ತು, 1989ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ತಂಡದ ಹುಡುಗ ಅಲೆಕ್ಸಾಂದರ್ ಮೊಗಿಲ್ನಿ ಅದನ್ನೇ ಮಾಡಿದ. ಫೆಟಿಸೋವ್ ಓಡಲಿಲ್ಲ. ಮುಂಬಾಗಿಲಿನಿಂದಲೇ ಹೋಗುತ್ತೇನೆ ಎಂದು ಹಟ ಹಿಡಿದರು. ಅದರ ಫಲವೇನೆಂದು ಹೆಂಡತಿ ಲಾದಾ ಹೇಳುತ್ತಾರೆ: ಕೀವ್‌ನಲ್ಲಿ ಪೊಲೀಸರು ಹಿಡಿದು ಹೊಡೆದದ್ದು, ರಕ್ಷಣಾ ಮಂತ್ರಿ ದ್ಮಿತ್ರಿ ಯಾಜೋವ್ ಕರೆಸಿ ಗದರಿಸಿದ್ದು. ಆಪ್ತ ಗೆಳೆಯ ಎನ್ನಬಹುದಾದ ಕಸಾತೊನೋವ್ ಆಗ ಜೊತೆಗೆ ನಿಲ್ಲಲಿಲ್ಲ. ಕಸಾತೊನೋವ್ ಅವರನ್ನೂ ಪೋಲ್ಸ್ಕಿ ಕ್ಯಾಮೆರಾ ಮುಂದೆ ಕೂರಿಸಿದ್ದಾರೆ. ಅವರ ಉತ್ತರಕ್ಕಿಂತ ಉತ್ತರಕ್ಕೆ ಮೊದಲಿನ ಗಳಿಗೆಗಳು ಹೆಚ್ಚು ಮಾತಾಡುತ್ತವೆ. 1989ರಲ್ಲಿ ಇಬ್ಬರೂ ನ್ಯೂಜೆರ್ಸಿ ಡೆವಿಲ್ಸ್ ತಂಡಕ್ಕೇ ಬಂದರು, ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಮಾತಿಲ್ಲದ ಇಬ್ಬರು.

ಆಮೇಲಿನದು ಬಲ್ಲವರಿಗೆ ಗೊತ್ತಿರುವ ಕಥೆ. ಡೆಟ್ರಾಯಿಟ್‌ನ ಕೋಚ್ ಸ್ಕಾಟಿ ಬೌಮನ್ 1995ರ ಅಕ್ಟೋಬರ್‌ನಲ್ಲಿ ಐವರು ರಷ್ಯನ್ನರನ್ನು ಒಟ್ಟಿಗೆ ಇಳಿಸಿ, ನಿಮಗೆ ತೋಚಿದಂತೆ ಆಡಿ ಎಂದು ಬಿಟ್ಟುಬಿಟ್ಟರು. 1997, 1998 ಎರಡು ವರ್ಷವೂ ಸ್ಟ್ಯಾನ್ಲಿ ಕಪ್. ನಡುವೆ ಒಂದು ಕಾರು ಅಪಘಾತ, ಅದರಲ್ಲಿ ವ್ಲಾದಿಮಿರ್ ಕಾನ್‌ಸ್ಟಾಂಟಿನೋವ್ ಅವರ ಆಟ ಮುಗಿಯಿತು. ಡೆಟ್ರಾಯಿಟ್ ವೃತ್ತಾಂತಕ್ಕೆಂದೇ ‘ದಿ ರಷ್ಯನ್ ಫೈವ್’ (2018) ಎಂಬ ಬೇರೆ ಚಿತ್ರವಿದೆ.

‘ರೆಡ್ ಆರ್ಮಿ’ ಇಲ್ಲಿಂದ ಒಂದೇ ನೆಗೆತಕ್ಕೆ ಫೆಟಿಸೋವ್ ಅವರನ್ನು ಮಾಸ್ಕೋಗೆ ತಂದು ಪುಟಿನ್ ಸರ್ಕಾರದ ಕ್ರೀಡಾ ಮುಖ್ಯಸ್ಥರಾಗಿ ನಿಲ್ಲಿಸುತ್ತದೆ. ನನ್ನ ತಕರಾರು ಇರುವುದು ಈ ನೆಗೆತದ ಬಗ್ಗೆ. ಒಂದೂಕಾಲು ಗಂಟೆ ಕಾಲ ಚಿತ್ರ ನಮ್ಮನ್ನು ಕಾಡಿಸಿದ್ದು ಒಳ್ಳೆಯ ಕೋಚ್ ಅಂದರೆ ಯಾರು ಎಂಬ ಪ್ರಶ್ನೆ. ಆ ಪ್ರಶ್ನೆಗೆ ಫೆಟಿಸೋವ್ ಸ್ವತಃ ಉತ್ತರ ಕೊಡಬೇಕಾಗಿ ಬಂದ ನಾಲ್ಕು ವರ್ಷಗಳಿದ್ದವು. 1998ರಲ್ಲಿ ಆಟ ಬಿಟ್ಟ ಅವರು ನ್ಯೂಜೆರ್ಸಿಯ ಸಹಾಯಕ ಕೋಚ್ ಆದರು. 2000ದಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು. ಗೆದ್ದ ತಂಡದಲ್ಲಿ, ಅದೇ ಮಾರ್ಚ್‌ನಲ್ಲಿ ಬಂದು ಸೇರಿದ ಮೊಗಿಲ್ನಿಯೂ ಇದ್ದರು. ಸ್ಟಾಕ್‌ಹೋಮ್‌ನಲ್ಲಿ ಓಡಿಹೋದ ಹುಡುಗ ಮತ್ತು ಓಡದೆ ನಿಂತ ನಾಯಕ, ಹನ್ನೊಂದು ವರ್ಷದ ಮೇಲೆ ಆಟಗಾರ ಮತ್ತು ಕೋಚ್ ಆಗಿ ಒಂದೇ ಬೆಂಚಿನ ಬಳಿ. ಸಾಕ್ಷ್ಯಚಿತ್ರ ಮಾಡುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಇನ್ನೂ ಇದೆ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ಗೆ ಫೆಟಿಸೋವ್ ರಷ್ಯಾದ ಕೋಚ್. ತಂಡದ ನಾಯಕ 41 ವರ್ಷದ ಲಾರಿಯೊನೋವ್, ಅದೇ ಬಹಿರಂಗ ಪತ್ರದ ಲಾರಿಯೊನೋವ್. ಬಹುತೇಕ ಎಲ್ಲರೂ ಎನ್‌ಎಚ್‌ಎಲ್ ಋತುವಿನ ಬಿಡುವಿನಲ್ಲಿ ಬಂದವರು, ಒಟ್ಟಿಗೆ ಅಭ್ಯಾಸ ಮಾಡಲು ಸಿಕ್ಕಿದ್ದು ಕೆಲವೇ ದಿನ. ಹನ್ನೊಂದು ತಿಂಗಳ ಶಿಬಿರ ಬೇಡ ಎಂದು ಬಂಡೆದ್ದವರಿಗೆ ಈಗ ಹನ್ನೊಂದು ದಿನವೂ ಸಿಗದ ಪರಿಸ್ಥಿತಿ. ಹಿಂದಿನ ಒಲಿಂಪಿಕ್ಸ್‌ನ ಚಿನ್ನ ಗೆದ್ದಿದ್ದ ಜೆಕ್ ತಂಡವನ್ನು ಕ್ವಾರ್ಟರ್ ಫೈನಲ್‌ನಲ್ಲಿ 1-0ರಿಂದ ಸೋಲಿಸಿದರು. ಸೆಮಿಫೈನಲ್ ಅಮೆರಿಕದೊಡನೆ. ದಿನಾಂಕ ಫೆಬ್ರವರಿ 22. ಎದುರು ಬೆಂಚಿನಲ್ಲಿ ಅಮೆರಿಕದ ಕೋಚ್ ಆಗಿ ನಿಂತಿದ್ದವರು ಹರ್ಬ್ ಬ್ರೂಕ್ಸ್. 1980ರಲ್ಲಿ ಅದೇ ದಿನ ಅವರ ತಂಡದೆದುರು ಸೋತ ಇಪ್ಪತ್ತೊಂದರ ಹುಡುಗ ಈಗ ಕೋಟು ತೊಟ್ಟು ಈ ಬೆಂಚಿನಲ್ಲಿ. ಎರಡು ಅವಧಿ ಮುಗಿದಾಗ ರಷ್ಯಾ 0-3. ಮೂರನೇ ಅವಧಿಯ ಮೊದಲಲ್ಲೇ ಎರಡು ಗೋಲು ಹೊಡೆದು ಹತ್ತಿರ ಬಂದರು, ಮೂರನೆಯದು ಸಿಗಲಿಲ್ಲ. ಕಂಚಿನ ಪಂದ್ಯದಲ್ಲಿ ಬೆಲಾರೂಸ್ ಮೇಲೆ 7-2. ಫೆಟಿಸೋವ್ ಸೋಲನ್ನು ಸುಮ್ಮನೆ ನುಂಗಲಿಲ್ಲ. ಅಮೆರಿಕ-ಕೆನಡಾ ಫೈನಲ್ ಆಗಲಿ ಎಂದು ಮೊದಲೇ ಮಾತಾಗಿತ್ತು ಎಂದು ರೆಫರಿಗಳ ಮೇಲೆ ಹರಿಹಾಯ್ದರು. ಅದು ನ್ಯಾಯವೋ ಅಲ್ಲವೋ, ಅಲ್ಲಿ ಮಾತಾಡುತ್ತಿದ್ದದ್ದು ಆಟಗಾರನಲ್ಲ, ತನ್ನ ದೇಶದ ಪರವಾಗಿ ಲೆಕ್ಕ ಕೇಳುವ ಅಧಿಕಾರಿ. ಕೆಲವೇ ತಿಂಗಳಲ್ಲಿ ಅವರು ನಿಜವಾಗಿಯೂ ಅಧಿಕಾರಿಯಾದರು.

ಈ ನಾಲ್ಕು ವರ್ಷ ಇಲ್ಲದೆ ಹೋದದ್ದರಿಂದ ಚಿತ್ರದ ಫೆಟಿಸೋವ್ ಸದಾ ಅನ್ಯಾಯಕ್ಕೊಳಗಾದವರಾಗಿಯೇ ಉಳಿಯುತ್ತಾರೆ. ಅವರು ಯಾರನ್ನಾದರೂ ಬೆಂಚಿನ ಮೇಲೆ ಕೂರಿಸಿದ್ದನ್ನು, ಯಾರನ್ನೋ ತಂಡದಿಂದ ಕೈಬಿಟ್ಟದ್ದನ್ನು, ಮನೆಗೆ ಹೋಗುತ್ತೇನೆ ಅಂದವನಿಗೆ ಏನು ಉತ್ತರ ಕೊಟ್ಟರು ಎನ್ನುವುದನ್ನು ನಾವು ನೋಡುವುದೇ ಇಲ್ಲ. ಸೀಟಿ ಕೈಗೆ ಬಂದ ಮೇಲೆ ಮನುಷ್ಯ ಏನಾಗುತ್ತಾನೆ ಎಂಬುದು ತರಾಸೋವ್, ತಿಖೊನೋವ್ ಇಬ್ಬರ ವಿಷಯದಲ್ಲೂ ಕೇಳಬೇಕಾದ ಮಾತು, ಏಕೆಂದರೆ ಅವರೂ ಆಟಗಾರರಾಗಿದ್ದವರೇ. ತಿಖೊನೋವ್ ಅಂತೂ ಫೆಟಿಸೋವ್ ಅವರಂತೆಯೇ ಡಿಫೆನ್ಸಿನಲ್ಲಿ ಆಡಿದವರು. ಚಿತ್ರ ಬಂದು ಎರಡು ವರ್ಷಕ್ಕೆ, 2016ರಲ್ಲಿ, ರಷ್ಯಾದ ಸಂಸತ್ತಿಗೆ ಆಯ್ಕೆಯಾದ ಫೆಟಿಸೋವ್ ಒಂದು ಸಲಹೆ ಮುಂದಿಟ್ಟರು: ಸರ್ಕಾರದ ಖರ್ಚಿನಲ್ಲಿ ತಯಾರಾದ ಆಟಗಾರರು 28 ವರ್ಷ ತುಂಬುವವರೆಗೆ ವಿದೇಶಕ್ಕೆ ಆಡಲು ಹೋಗದಂತೆ ತಡೆಯಬೇಕು. ಯಾಜೋವ್ ಮುಂದೆ ನಿಂತು ಬಾಗಿಲು ತೆಗೆಯಿರಿ ಎಂದು ಹಟ ಹಿಡಿದವರು ಇವರೇ. ಫೋನು ಹಿಡಿದು ಕೂತ ಆ ಮೊದಲ ದೃಶ್ಯ ಎರಡನೇ ಸಲ ನನಗೆ ನಗು ತರಿಸದೆ ಹೋದದ್ದು ಇದು ತಿಳಿದಿದ್ದರಿಂದ. ಮೊದಲು ಅಲ್ಲಿ ಕಂಡದ್ದು ಯಾರಿಗೂ ಬಗ್ಗದ ಆಟಗಾರ. ಆಮೇಲೆ ಕಂಡದ್ದು, ಪ್ರಶ್ನೆ ಕೇಳುವವರಿಗೆ ಉತ್ತರ ಕೊಡಲೇಬೇಕಿಲ್ಲ ಎಂದು ಚೆನ್ನಾಗಿ ಬಲ್ಲ ದೊಡ್ಡ ಮನುಷ್ಯ. ಪೋಲ್ಸ್ಕಿಗೆ ಇದರ ಸುಳಿವಿತ್ತು ಎಂದೇ ನನ್ನ ಊಹೆ. ಸುಳಿವಿದ್ದೂ ಅವರು ಹಿಂಬಾಲಿಸಿ ಹೋಗಲಿಲ್ಲ. ನಾಯಕನ ಮೇಲೆ ಅವರಿಗಿದ್ದ ಪ್ರೀತಿ ಚಿತ್ರದ ಶಕ್ತಿಯೂ ಹೌದು, ಅದರ ಮಿತಿಯೂ ಹೌದು.

ಹಾಗೆ ನೋಡಿದರೆ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಮುಖ ಫೆಟಿಸೋವ್ ಅವರದಲ್ಲ, ಕ್ರುತೋವ್ ಅವರದು. ಒಂದು ಕಾಲದಲ್ಲಿ ಟ್ಯಾಂಕ್‌ನಂತೆ ನುಗ್ಗುತ್ತಿದ್ದ ಮನುಷ್ಯ ಕ್ಯಾಮೆರಾ ಮುಂದೆ ಮುದುಡಿ ಕೂತಿದ್ದಾರೆ. 1989ರಲ್ಲಿ ಅವರೂ ಹೊರಟರು, ಕೆನಡಾದ ವ್ಯಾಂಕೂವರ್‌ಗೆ. ಬೆಳಿಗ್ಗೆ ಎಬ್ಬಿಸುವವರಿಲ್ಲ, ಊಟ ಅಳೆದು ಬಡಿಸುವವರಿಲ್ಲ, ಗೇಟು ಹಾಕುವವರಿಲ್ಲ. ಮೈ ಭಾರವಾಯಿತು, ಒಂದೇ ಋತುವಿಗೆ ಅಲ್ಲಿನ ಆಟ ಮುಗಿಯಿತು. ಒಳ್ಳೆಯ ಕೋಚ್, ಕೆಟ್ಟ ಕೋಚ್ ಎಂಬ ಚಿತ್ರದ ಲೆಕ್ಕಕ್ಕೆ ಕ್ರುತೋವ್ ಸಿಗುವುದಿಲ್ಲ. ಶಿಬಿರ ಅವರನ್ನು ಹಾಳುಮಾಡಿತೋ, ಶಿಬಿರ ಇಲ್ಲದ್ದು ಹಾಳುಮಾಡಿತೋ, ಪೋಲ್ಸ್ಕಿ ಕೇಳುತ್ತಾ ಹೋದಂತೆ ಅವರ ಉತ್ತರಗಳು ಗಿಡ್ಡವಾಗುತ್ತಾ ಹೋಗುತ್ತವೆ. ಚಿತ್ರ ತೆರೆಗೆ ಬರುವ ಮೊದಲೇ, 2012ರಲ್ಲಿ, ಅವರು ತೀರಿಕೊಂಡರು. ಆಗ ಅವರಿಗೆ 52 ವರ್ಷ.