‘ಅಶ್ವತ್ಥಾಮನ್’: ಮರಣಾನಂತರದ ಭಾಗ

ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ರುದ್ರನಾಟಕವನ್ನು (1929) ಆಡಲು ಹೊರಡುವ ವಿಲಾಸಿ ಮಂಡಳಿಗಳಿಗೆ ಒಂದು ಆಶೆ ಹುಟ್ಟುವುದು ಸಹಜ. ನಾಯಕನು ಸತ್ತೊಡನೆ ತೆರೆಯನ್ನಿಳಿಸಿಬಿಟ್ಟರೆ ಹೊತ್ತೂ ಉಳಿಯಿತು, ಮುಖ್ಯ ನಟನಿಗೆ ಕರತಾಡನವೂ ದೊರೆಯಿತು. ಆದರೆ ಹಾಗೆ ಕತ್ತರಿಸಿದ ನಾಟಕದಲ್ಲಿ ಉಳಿಯುವುದು ಒಂದು ಆತ್ಮಹತ್ಯೆಯ ವೃತ್ತಾಂತ ಮಾತ್ರ.

ಈ ಕೃತಿಗೆ ಮೂಲವಾದ ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿ ವೀರನು ತನ್ನ ಖಡ್ಗದ ಮೇಲೆ ಬಿದ್ದು ಸತ್ತ ಬಳಿಕವೂ ಐದರಲ್ಲಿ ಎರಡು ಪಾಲಿನಷ್ಟು ನಾಟಕ ಉಳಿದಿರುತ್ತದೆ. ಅಲ್ಲಿ ನಡೆಯುವುದು ಶವಸಂಸ್ಕಾರದ ವಿವಾದ. ಹೆಣವನ್ನು ಮಣ್ಣುಮಾಡಕೂಡದೆಂದು ಅರಸರ ಆಜ್ಞೆ. ತಮ್ಮನಾದ ಬಿಲ್ಲಾಳು ಟ್ಯೂಸರನು ಅದಕ್ಕೆ ಎದುರು ನಿಲ್ಲುತ್ತಾನೆ. ಕಡೆಗೆ ಸತ್ತವನ ಪರಮವೈರಿಯಾದ ಒಡಿಸ್ಯೂಸನೇ ಸಂಸ್ಕಾರದ ಪರವಾಗಿ ಮಾತಾಡುತ್ತಾನೆ. ಈ ಭಾಗ ಸಡಿಲವೆಂದು ಪಶ್ಚಿಮದ ವಿಮರ್ಶಕರಲ್ಲಿಯೂ ಹಲವರು ಆಕ್ಷೇಪಿಸಿರುವರು.

ಕನ್ನಡದಲ್ಲಿ ಆ ಸಡಿಲವು ಬಿಗಿಯಾದುದು ಏಕಲವ್ಯನಿಂದ. ಟ್ಯೂಸರನ ಸ್ಥಾನಕ್ಕೆ ಶ್ರೀಯವರು ತಂದದ್ದು ಆತನನ್ನು. ಯಾವ ಗುರುವಿಗೆ ಹೆಬ್ಬೆರಳನ್ನು ಕೊಯ್ದುಕೊಟ್ಟನೋ ಆ ಗುರುವಿನ ಮಗನ ಹೆಣಕ್ಕೆ ಕಾವಲಾಗಿ ಆ ಬೇಡನು ನಿಲ್ಲುವನು! ಗ್ರೀಕ್ ಕವಿಗೆ ಅಣ್ಣತಮ್ಮಂದಿರ ರಕ್ತಸಂಬಂಧ ಸಾಕಾಗಿತ್ತು. ಇಲ್ಲಿ ಅದಕ್ಕಿಂತಲೂ ಕಠಿನವಾದ ಋಣವೊಂದು ರಂಗದ ಮೇಲೆ ಬರುತ್ತದೆ. ದ್ರೋಣನು ಮಾಡಿದ ಅನ್ಯಾಯವನ್ನು ಬಲ್ಲ ಪ್ರೇಕ್ಷಕನಿಗೆ ವಿವರಣೆ ಬೇಕಾಗದು.

ಚಿರಂಜೀವಿಯನ್ನು ಕೊಲ್ಲಿಸಬಹುದೆ ಎಂಬ ಪ್ರಶ್ನೆ ಹಳೆಯದು. ಸೌಪ್ತಿಕಪರ್ವದ ಅಶ್ವತ್ಥಾಮನಿಗೆ ಮರಣವಿಲ್ಲ. ಮೂರು ಸಾವಿರ ವರ್ಷ ಅಲೆಯಬೇಕೆಂಬ ಶಾಪವಿದೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಲಗಿದ್ದ ಮಕ್ಕಳನ್ನು ಕೊಂದವನಿಗೆ ಸಾವೇ ಸಿಗದಿರುವುದು ವ್ಯಾಸರ ದಂಡನೆ, ಮತ್ತು ಅದು ಸಾವಿಗಿಂತ ಘೋರವಾದುದು. ಶ್ರೀಯವರು ಅದನ್ನು ಕಳೆದುಕೊಂಡರು. ಪಡೆದದ್ದೇನು? ಮಹಾಪಾತಕಿಯ ಹೆಣಕ್ಕೂ ಸಂಸ್ಕಾರ ಸಲ್ಲಬೇಕೆ ಎಂಬ ವಿವಾದ. ಆ ವಿವಾದವನ್ನೇ ಬಿಟ್ಟು ಆಡುವ ಮಂಡಳಿಯು ನಷ್ಟವನ್ನು ಇಟ್ಟುಕೊಂಡು ಲಾಭವನ್ನು ಎಸೆದಂತೆ.

ಕಾಣಿಯೂರು, ಪುತ್ತೂರು, ಸುಳ್ಯಗಳ ಸೀಮೆಯಲ್ಲಿ ಇದನ್ನು ಆಡುವವರಿಗೆ ಒಂದು ಅನುಕೂಲವುಂಟು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತು ಆಡುವ ಮಾತಿನಲ್ಲಿಯೇ ಕರ್ಣನನ್ನೂ ಕೌರವನನ್ನೂ ಕಂಡುಕೊಳ್ಳುವ ತಾಳಮದ್ದಳೆಯ ಶ್ರೋತೃಗಳು ಇಲ್ಲಿಯವರು. ವಾದ ನೀಳವಾಯಿತೆಂದು ಅವರು ಎದ್ದುಹೋಗುವವರಲ್ಲ. ಹಳಗನ್ನಡವೂ ಅಷ್ಟೇನೂ ಅಡ್ಡಿಯಾಗದು. ಅಪಾಯವಿರುವುದು ನಟರ ಕಡೆಯಲ್ಲಿ: ತಾಳಮದ್ದಳೆಯ ಅರ್ಥಧಾರಿಗೆ ಮಾತನ್ನು ಬೆಳೆಸುವ ಸ್ವಾತಂತ್ರ್ಯವಿದೆ, ಇಲ್ಲಿ ಕವಿಯ ಪದ ಒಂದೂ ಕದಲಕೂಡದು. ಆ ಅಭ್ಯಾಸದ ನಾಲಗೆಯನ್ನು ಹಿಡಿದು ನಿಲ್ಲಿಸುವುದಕ್ಕೆ ತಿಂಗಳುಗಟ್ಟಲೆ ಶ್ರಮ ಬೇಕು. ಮಂಡಳಿಯಲ್ಲಿ ಎರಡನೆಯ ದರ್ಜೆಯ ನಟನಿಗೆ ಏಕಲವ್ಯನ ಪಾತ್ರವನ್ನು ಕೊಡುವ ರೂಢಿಯಿದ್ದರೆ ಅದನ್ನೂ ಬಿಡತಕ್ಕದ್ದು. ನಾಯಕನು ಮಾತುನಿಲ್ಲಿಸಿದ ಮೇಲೆ ನಾಟಕವನ್ನು ಹೊರುವವನು ಅವನೇ.