ಸುತ್ತು ಹಾಕಿ ಬರುವ ಅನುವಾದ



ಮರಾಠಿ ದಲಿತ ಸಾಹಿತ್ಯದ ಋಣ ನಮ್ಮ ಮೇಲೆ ಬಹಳ ಇದೆ. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು, ಅದೇ ವರ್ಷ ನಾಮದೇವ ಢಸಾಳರ 'ಗೋಲಪೀಠಾ' ಬಂತು. ಮುಂದ 1973ರ ಬೂಸಾ ಗಲಾಟೆ, 1979ರ ಬಂಡಾಯ ಸಂಘಟನೆ, ಇವೆಲ್ಲ ನಮ್ಮ ನೆಲದ ಬೆಂಕಿಯಿಂದಲೇ ಎದ್ದವು ನಿಜ, ಆದರೆ ಗಾಳಿ ಆ ಕಡೆಯಿಂದಲೂ ಬೀಸಿತ್ತು. ಆ ಪುಸ್ತಕಗಳನ್ನು ಕನ್ನಡಕ್ಕೆ ತಂದವರ ಬಗ್ಗೆ ನನಗೆ ಗೌರವವಿದೆ. ಜಗಳವೂ ಇದೆ. ಕೇರಿಯಿಂದ ಹೊರಟ ಮಾತು ಕನ್ನಡದೊಳಗ ಬಂದು ಇಳಿಯೋದು ಕಾಲೇಜಿನ ಮೆಟ್ಟಿಲ ಮ್ಯಾಲೆ. ಯಾಕೆ?

ನಾನು ದೇಸೂರಿನವ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಊರು. ಮನೆಯೊಳಗ ಮರಾಠಿ, ಹೊಲದಾಗ ಎರಡೂ, ಸಂತಿಯಾಗ ಕನ್ನಡ. ನಾನು ಹಡೆದವ್ವನಿಗೆ 'ಆಯಿ' ಅಂತೀನಿ. ನನ್ನ ಕನ್ನಡದ ಗೆಳೆಯರು ಅಜ್ಜಿಗೆ 'ಆಯಿ' ಅಂತಾರ. ಹಾಸ್ಟೆಲಿನಾಗ ಎರಡು ವರ್ಷ ಎಲ್ಲರೂ ನನ್ನನ್ನು ತಾಯಿಯಿಲ್ಲದೆ ಅಜ್ಜಿಯ ಕೈಯಾಗ ಬೆಳೆದ ಹುಡುಗ ಅಂತ ತಿಳಿದು ಮರುಗಿದ್ದರು!

ಇಲ್ಲಿಯ ಕನ್ನಡದೊಳಗ 'ಏನ್ ಮಾಡಾಕತ್ತೀ?' ಅಂತ ಕೇಳ್ತೀವಿ. ಬಿಡಿಸಿದರೆ 'ಮಾಡಾಕ ಹತ್ತೀ'. ಇಲ್ಲಿಯ ಮರಾಠಿಯೊಳಗ 'ಕಾಯ್ ಕರಾಲಾಸ್?' ಬಿಡಿಸಿದರೆ 'ಕರಾಯ್‌ಲಾ ಲಾಗ್ಲಾಸ್'. 'ಲಾಗಣೇ' ಅಂದರೆ ಹತ್ತೋದು. ಬೆಂಕಿ ಹತ್ತೋದು, ಹುಚ್ಚು ಹತ್ತೋದು, ಎಲ್ಲಾ ಅದೇ ಮಾತು. ಅಂದರೆ ಒಂದು ಮಾತಿನ ಮ್ಯಾಲೆ ಇನ್ನೊಂದು ಮಾತು ಇಟ್ಟರೆ ಅಂಚಿಗೆ ಅಂಚು ಕೂಡುತ್ತದೆ. ಪುಣೆಯ ಪುಸ್ತಕದ 'ಕರತೋ ಆಹೇಸ್' ಮತ್ತು ಬೆಂಗಳೂರಿನ ಪುಸ್ತಕದ 'ಮಾಡುತ್ತಿದ್ದೀಯೆ' ಹಿಂಗ ಕೂಡೋದಿಲ್ಲ. ಕೂಲಿಯವರು ಹಾಸಿದ ಈ ದಾರಿ ಇರುವಾಗ ಅನುವಾದಕ ಮಾತ್ರ ಪುಣೆಗೆ ಹೋಗಿ, ಬೆಂಗಳೂರಿಗೆ ಬಂದು, ಆಮೇಲೆ ನಮ್ಮ ಕೇರಿಗೆ ಬರತಾನೆ.

ಇದು ನನ್ನ ಊರಿನ ಅಭಿಮಾನದ ಮಾತಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಭಾಷಾವಿದ್ವಾಂಸರು ಸಾಂಗಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಮಾತುಗಳ ಬಗ್ಗೆ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿ ಜಮೀನುದಾರ ಜೈನರದು ಕನ್ನಡ, ಮುಸ್ಲಿಮರದು ಉರ್ದು, ಅಸ್ಪೃಶ್ಯರದು ಮರಾಠಿ. ಶತಮಾನಗಳ ಒಡನಾಟದಲ್ಲಿ ಈ ಮೂರರ ವಾಕ್ಯರಚನೆ ಒಂದೇ ಅಚ್ಚಿಗೆ ಬಂದಿದೆ, ಶಬ್ದಗಳು ಮಾತ್ರ ಬೇರೆಯಾಗಿ ಉಳಿದಿವೆ ಅಂತ ಅವರು ತೋರಿಸಿದರು. ವ್ಯಾಕರಣ ಬೆರೆತರೂ ಶಬ್ದ ಯಾಕೆ ಬೆರೆಯಲಿಲ್ಲ? ಮನೆಗಳು ಬೆರೆಯಲಿಲ್ಲ, ಅದಕ್ಕೇ. ವಿದ್ವಾಂಸರು ಇದನ್ನು ತಣ್ಣಗೆ ಹೇಳುತ್ತಾರೆ. ನಾವು ಹಂಗ ಹೇಳಾಕ ಆಗೋದಿಲ್ಲ. ಹೊಲದಾಗ ಧಣಿ ಹೇಳಿದ್ದು ಆಳಿಗೆ ತಿಳೀಬೇಕು, ಅಷ್ಟು ಮಟ್ಟಿಗೆ ಭಾಷೆಗಳು ಸಮೀಪ ಬಂದವು. ಒಲೆಯ ಮುಂದಿನ ಮಾತು, ದೇವರ ಮಾತು, ಬೀಗರ ಮಾತು ಅವರವರ ಗೋಡೆಯೊಳಗೇ ಉಳಿದವು. ಆದ್ದರಿಂದ ಗಡಿನಾಡಿನ ಬೆರಕೆ ಮಾತನ್ನು ಸೌಹಾರ್ದದ ಹೂಮಾಲೆ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಂಗಾರ ವ್ಯಾಕರಣ ಸಲೀಸು, ಶಬ್ದವೇ ಕಷ್ಟ. ಶರಣಕುಮಾರ ಲಿಂಬಾಳೆಯವರ ಆತ್ಮಕಥೆ 'ಅಕ್ಕರಮಾಶಿ' 1984ರದು. ತೊಲಿಗೆ ಹನ್ನೆರಡು ಮಾಶಾ. ಹನ್ನೊಂದೇ ಇದ್ದರೆ ಅದು ಅಕ್ಕರಮಾಶಿ, ಒಂದು ಮಾಶಾ ಖೋಟಾ. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಊರು ಇಟ್ಟ ಹೆಸರು ಅದು. ಕನ್ನಡದಲ್ಲಿ ಅದು 'ಅಕ್ರಮ ಸಂತಾನ' ಆಯಿತು. ನಾದ ಹತ್ತಿರ ಬಂತು, ತಕ್ಕಡಿ ಹೋಯಿತು. 'ಅಕ್ರಮ' ಅನ್ನೋದು ಕೋರ್ಟಿನ ಮಾತು, ಕಾಯ್ದೆ ತಿದ್ದಿದರೆ ಸಕ್ರಮ ಆದೀತು. ಮೂಲದ ಶಬ್ದದೊಳಗ ಮನುಷ್ಯನನ್ನು ಬಂಗಾರದ ಹಂಗ ತೂಗಿ 'ನೀ ಕಮ್ಮಿ' ಅನ್ನುವ ಊರಗೌಡನ ಕೈ ಕಾಣತದ. ನಮ್ಮ ಪತ್ತಾರರ ಅಂಗಡಿಯೊಳಗ ತೊಲಿ, ಮಾಶಾ, ಗುಂಜಿ ಎಲ್ಲಾ ಇದ್ದವಲ್ಲ! ಇಂಗ್ಲಿಷಿನವರಿಗೆ ಈ ತಕ್ಕಡಿ ಇರಲಿಲ್ಲ, ಅವರು ಬಿಟ್ಟರೆ ಕ್ಷಮಿಸಬಹುದು.

ದಯಾ ಪವಾರರ 'ಬಲುತಂ' (1978) ಇನ್ನೊಂದು. ಬಲುತಂ ಅಂದರೆ ಊರಿನ ಚಾಕರಿಗೆ ರಾಶಿಯೊಳಗ ಸಿಗುವ ಪಾಲು. ಅದನ್ನು 'ಪಾಲು' ಅಂತ ಬರೆದರೆ ಅಣ್ಣತಮ್ಮರ ಹಿಸ್ಸೆ ಆಗಿಬಿಡುತ್ತದೆ. ನಮ್ಮಲ್ಲಿ 'ಆಯ' ಅನ್ನುವ ಮಾತಿದೆ, ಆಯಗಾರರು ಅಂತಾರ. ಆಯ ಬೇಡೋದರ ನಾಚಿಕೆ ಆ ಶಬ್ದದೊಳಗ ಪೂರಾ ಕುಂತದ. ವತನದ ಕಥಿ ಇನ್ನೂ ವಿಚಿತ್ರ. 1956ರ ರಾಜ್ಯ ವಿಂಗಡಣೆಯಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ತಾಲ್ಲೂಕು ಮುಂಬಯಿ ಕಡೆ ಉಳಿಯಿತು. ಕೀಳು ವತನಗಳನ್ನು ಮುಂಬಯಿ 1958ರ ಕಾಯ್ದೆಯಿಂದ ರದ್ದು ಮಾಡಿತು, ಮೈಸೂರು 1961ರ ಕಾಯ್ದೆಯಿಂದ. ಒಂದೇ ಕುಲದ ಬೀಗರು, ಒಂದೇ ಚಾಕರಿ, ಬಿಡುಗಡೆಯ ಕಾಗದ ಮಾತ್ರ ಎರಡು ರಾಜ್ಯದ್ದು.

ಪದವಿ ಮುಗಿಸಿದ ಮೇಲೆ ನಾನು ಒಬ್ಬ ಮರಾಠಿ ಕವಿಯ ಕೆಲವು ಪದ್ಯಗಳನ್ನು ನಮ್ಮೂರಿನ ಕನ್ನಡಕ್ಕೆ ತಂದು ಒಂದು ಪತ್ರಿಕೆಗೆ ಕಳಿಸಿದೆ. ಹೆಸರು ಬೇಡ. ಅವರು 'ಮಾಡಾಕತ್ತಾರ'ವನ್ನೆಲ್ಲ 'ಮಾಡುತ್ತಿದ್ದಾರೆ' ಎಂದು ತಿದ್ದಿ, 'ಪ್ರಾದೇಶಿಕತೆ ಎಲ್ಲರಿಗೂ ಅರ್ಥವಾಗುವುದಿಲ್ಲ' ಎಂದು ಬರೆದರು. 'ಗೋಲಪೀಠಾ'ಕ್ಕೆ ಮುನ್ನುಡಿ ಬರೆದ ವಿಜಯ ತೆಂಡೂಲ್ಕರರಿಗೇ ಅದರ ಎಷ್ಟೋ ಶಬ್ದ ತಿಳಿದಿರಲಿಲ್ಲ, ಅದನ್ನು ಅವರು ಮುಚ್ಚಿಡದೆ ಮುನ್ನುಡಿಯಲ್ಲೇ ಹೇಳಿದರು. ದೇವನೂರರ 'ಕುಸುಮಬಾಲೆ' (1988) ಓದುವಾಗ ನಾವು ಉತ್ತರದವರು ಸಾಲು ಸಾಲಿಗೂ ತಡವರಿಸಿದೆವು. ತಡವರಿಸುತ್ತಲೇ ಓದಿದೆವು. ದೇಸೂರಿನ ಮಾತಿಗೆ ಮಾತ್ರ ಆ ತಾಳ್ಮೆ ಯಾಕಿಲ್ಲ?

ಈಗ ಯಂತ್ರ ಬಂದಿದೆ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಯಂತ್ರಕ್ಕೆ 110 ಭಾಷೆ ಸೇರಿಸಿತು, ನಮ್ಮ ತುಳುವೂ ಅದರೊಳಗಿದೆ. ಪೋಲೆಂಡಿನ ಸಿಲೇಸಿಯನ್ನಿನಿಂದ ಪಶ್ಚಿಮ ಆಫ್ರಿಕಾದ ಡ್ಯೂಲಾಕ್ಕೆ ಅನುವಾದಿಸಬಹುದು ಅಂತ ಗೆಳೆಯನೊಬ್ಬ ಫೋನಿನಾಗ ತೋರಿಸಿದ. ಡ್ಯೂಲಾ ಅಂದರೇನೇ ವ್ಯಾಪಾರಿ, ಅದು ಸಂತೆಯ ಭಾಷೆ. ಸಿಲೇಸಿಯನ್ ಗಣಿ ಕೆಲಸಗಾರರ ಸೀಮೆಯ ಮಾತು. 2021ರ ಜನಗಣತಿಯಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಮನೆಯಲ್ಲಿ ಅದನ್ನೇ ಆಡುತ್ತೇವೆ ಎಂದು ಬರೆಸಿದರು. ಆದರೂ ಅದಕ್ಕೆ ಪ್ರಾದೇಶಿಕ ಭಾಷೆಯ ಸ್ಥಾನ ಕೊಡುವ ಮಸೂದೆಯನ್ನು ಅಲ್ಲಿಯ ಅಧ್ಯಕ್ಷರು 2024ರ ಮೇನಲ್ಲಿ ತಡೆದರು. ಯಂತ್ರ ಒಪ್ಪಿದ್ದನ್ನು ಗದ್ದುಗೆ ಒಪ್ಪಲಿಲ್ಲ. ನಾನು ಅದೇ ಫೋನಿನಾಗ 'ಕರಾಲಾಸ್' ಬರೆದು ಕನ್ನಡ ಕೇಳಿದೆ. ಬಂದದ್ದು ಓದಿ ಇಬ್ಬರೂ ನಕ್ಕೆವು. ಇಂಥ ಯಂತ್ರಗಳು ಎರಡು ಸಣ್ಣ ಭಾಷೆಗಳ ನಡುವೆ ಬಹುಕಾಲ ಇಂಗ್ಲಿಷಿನ ಮೂಲಕವೇ ಹಾದು ಹೋಗುತ್ತಿದ್ದವು. ನಮ್ಮ ಅನುವಾದಕರದೂ ಅದೇ ಚಾಳಿ, ಇಂಗ್ಲಿಷಿನ ಬದಲು ಶಿಷ್ಟಭಾಷೆ, ಅಷ್ಟೇ.

ಒಂದು ಶಬ್ದ ಮಾತ್ರ ನನ್ನಿಂದ ಇನ್ನೂ ಆಗಿಲ್ಲ: 'ಜೋಹಾರ್'. ಮಹಾರರು ಮೇಲ್ಜಾತಿಯವರ ಮುಂದ ಹೇಳಬೇಕಾಗಿದ್ದ ವಂದನೆ ಅದು. 'ಜಯ ಭೀಮ್' ಬಂದು ಅದನ್ನು ಓಡಿಸಿತು. ಕನ್ನಡದ ಓದುಗನಿಗೆ 'ಜೋಹಾರು' ಅಂದರೆ ಹುತಾತ್ಮರಿಗೆ ಕೊಡುವ ಗೌರವ! 'ನಮಸ್ಕಾರ' ಅಂದರೆ ಸುಳ್ಳು. 'ಶರಣ್ರೀ ಧಣ್ಯಾರ' ಅಂದರೆ ಶರಣರ ಮಾತಿಗೆ ಮೈಲಿಗೆ ಅಂಟೀತು. ಆಯಿಯನ್ನು ಕೇಳಿದೆ. ಆಕಿ ಅಪ್ಪ ಕಾಲಾಗಿನ ಚಪ್ಪಲಿ ಕೈಯಾಗ ಹಿಡಕೊಂಡು, ನೆಲ ನೋಡಿ ಹೇಳತಿದ್ದನಂತೆ. ಹೆಂಗ ಹೇಳತಿದ್ದ ಒಮ್ಮೆ ಹೇಳು ಅಂದೆ. ಆಯಿ ಹೇಳಲಿಲ್ಲ. ರೊಟ್ಟಿ ತಟ್ಟೋದು ನಿಲ್ಲಿಸಿ ನನ್ನ ಮುಖ ನೋಡಿದಳು, ಮತ್ತ ತಟ್ಟಾಕ ಹತ್ತಿದಳು. ಹಸ್ತಪ್ರತಿಯೊಳಗ ಆ ಜಾಗ ಸದ್ಯ ಖಾಲಿ ಬಿಟ್ಟೀನಿ.