ಕಪಿರಾಯನ ಆಟ ನೋಡುವ ಬಗೆ

ಚೀನೀ ಕಪಿರಾಯ ಸುನ್ ವುಕೊಂಗ್‌ನ ಆಟಕ್ಕೆ ಹೊರಟ ಕನ್ನಡಿಗರು ಮೊದಲು ಹನುಮಂತನನ್ನು ಮನೆಯಲ್ಲೇ ಬಿಟ್ಟು ಬರಬೇಕು. ಇವನ ಮೂಲ ನಮ್ಮ ಹನುಮನೇ ಎಂದು ವಿದ್ವಾಂಸ ಹು ಶಿ, ಅಲ್ಲ, ಹುವಾಯ್ ನದಿಯ ಕಪಿರೂಪದ ಜಲಪಿಶಾಚಿ ಎಂದು ಲೇಖಕ ಲು ಶುನ್ ವಾದಿಸಿದ್ದುಂಟು. ಆ ಜಗಳ ಪಂಡಿತರಿಗಿರಲಿ. ಹನುಮ ಕೈಮುಗಿದು ನಿಂತರೆ ಚಂದ. ಇವನು ಕೈಮುಗಿದರೂ ಅದು ಅಣಕವೇ.

ಪೀಕಿಂಗ್ ಆಪೆರಾದಲ್ಲಿ ಕಪಿಯ ಪ್ರಸಂಗಗಳು ಹಲವಿವೆ. ಕಥೆ ‘ಪಶ್ಚಿಮ ಯಾತ್ರೆ’ ಕಾದಂಬರಿಯದು. ಅದರ ಈಗ ಉಳಿದಿರುವ ಅತಿ ಹಳೆಯ ಮುದ್ರಣ 1592ರದು. ಹೊಸಬರು ‘ಸ್ವರ್ಗದಲ್ಲಿ ದಾಂಧಲೆ’ಯಿಂದಲೇ ಶುರುಮಾಡಿ. ಪುಂಡ ಕಪಿಯನ್ನು ಸುಮ್ಮನಿರಿಸಲು ದೇವಲೋಕದ ದೊರೆ ಕೊಡುವ ಕೆಲಸ ಲಾಯ ನೋಡಿಕೊಳ್ಳುವುದು. ಪದವಿಯ ಹೆಸರು ‘ಬಿಮಾವೆನ್’. ಚೀನೀ ಕಿವಿಗೆ ಅದು ‘ಕುದುರೆಯ ಬೇನೆ ತಡೆಯುವುದು’ ಎಂದೂ ಕೇಳುತ್ತದೆ. ಲಾಯದಲ್ಲಿ ಕೋತಿ ಕಟ್ಟಿದರೆ ಕುದುರೆಗೆ ರೋಗ ಬಾರದೆಂಬುದು ಅಲ್ಲಿನ ಹಳೆಯ ನಂಬಿಕೆ. ಅದು ಕೀಳು ಪದವಿಯೆಂದು ತಿಳಿದು ಕಪಿ ಸಿಟ್ಟಾಗಿ ಹೊರಟುಬಿಡುತ್ತಾನೆ. ಆಮೇಲೆ ಮರಳಿ ಕರೆಸಿ ಅವನ ಕೈಗೇ ಅಮರತ್ವದ ಪೀಚ್ ತೋಟವನ್ನು ಒಪ್ಪಿಸುತ್ತಾರೆ, ಕುರಿ ಕಾಯಲು ತೋಳನನ್ನು ಬಿಟ್ಟ ಹಾಗೆ!

ಆ ತೋಟದ ದೃಶ್ಯದಲ್ಲಿ ಕಣ್ಣು ಮಿಟುಕಿಸಬೇಡಿ. ರಂಗ ಬಹುಮಟ್ಟಿಗೆ ಖಾಲಿ. ಕಪಿಯ ಮುಖದ ನಡುವೆ ಪೀಚ್ ಹಣ್ಣಿನಾಕಾರದ ಕೆಂಪು ಬಣ್ಣ. ರಾಜಗತ್ತಿನಲ್ಲಿ ನಾಲ್ಕು ಹೆಜ್ಜೆ ಇಡುತ್ತಾನೆ. ಐದನೆಯದಕ್ಕೆ ಮೊಣಕಾಲು ಸಡಿಲ, ಬೆರಳು ತಾನಾಗಿ ಕೆನ್ನೆ ಕೆರೆಯುತ್ತದೆ. ತಟ್ಟನೆ ನೆನಪಾಗಿ ಮತ್ತೆ ರಾಜ. ಮನುಷ್ಯ ಕಪಿಯನ್ನು ನಟಿಸುವುದಲ್ಲ ಇದು, ಕಪಿ ರಾಜನನ್ನು ನಟಿಸುವುದು. ಬರೀ ಕೆರೆದುಕೊಳ್ಳುವ ನಟ ಸಿಕ್ಕರೆ ಮೃಗಾಲಯಕ್ಕೆ ಹೋಗಿದ್ದರಾಗುತ್ತಿತ್ತು ಅನ್ನಿಸುತ್ತದೆ.

ಕಿವಿಯನ್ನು ಪುಟ್ಟ ಡೋಲಿನ ಕಡೆ ಇಡಿ. ಅದನ್ನು ನುಡಿಸುವವನೇ ಮೇಳದ ಯಜಮಾನ. ಕಪಿಯ ಒಂದೊಂದು ನೋಟಕ್ಕೂ ಅವನದೊಂದು ಪೆಟ್ಟು.

ಹಿಂದೆ ಇದೇ ಕಥೆಯ ಆಟಕ್ಕೆ ‘ಆನ್ ತಿಯೆನ್ ಹುಯಿ’ ಎಂದು ಹೆಸರು. ಕೊನೆಯಲ್ಲಿ ಕಪಿ ಸೆರೆಸಿಕ್ಕಿ ಸ್ವರ್ಗ ನಿರಾಳವಾಗುತ್ತಿತ್ತು. ಅದರಲ್ಲಿ ಹೆಸರಾದ ನಟ ಯಾಂಗ್ ಶಿಯಾವೊಲೌ ‘ಮರಿ ಯಾಂಗ್ ಕೋತಿ’ ಎಂದೇ ಪ್ರಸಿದ್ಧ, ಅಪ್ಪನೂ ಕಪಿವೇಷಧಾರಿಯಾದ್ದರಿಂದ. 1950ರ ದಶಕದಲ್ಲಿ ನಟ ಲಿ ಶಾವೊಚುನ್‌ಗಾಗಿ ತಿದ್ದಿದ ಪಾಠದಲ್ಲಿ ಕಪಿಯೇ ಗೆಲ್ಲುತ್ತಾನೆ. ಮೆರೆಯುವ ಕಪಿಗಿಂತ ಸಿಕ್ಕಿಬೀಳುವ ಕಪಿಯಲ್ಲಿ ರಸ ಹೆಚ್ಚೆಂದು ನನ್ನ ಎಣಿಕೆ.

ಇನ್ನು ಅವನ ದೊಣ್ಣೆ. ಕಾದಂಬರಿಯಲ್ಲಿ ಅದರ ತೂಕ 13,500 ಜಿನ್ (ಚೀನೀ ತೂಕದ ಅಳತೆ). ರಂಗದಲ್ಲಿ ಹಗುರ ಕೋಲು, ಬೆರಳ ಸಂದಿನಲ್ಲಿ ಗಿರ್ರೆಂದು ಸುತ್ತುತ್ತದೆ. ಸುತ್ತುವಾಗ ಬಾಯಿ ಬಿಡಬೇಡಿ. ಕೋಲು ತಟಕ್ಕನೆ ನಿಂತು, ಡೋಲೂ ನಿಂತು, ಕಪಿ ನಿಮ್ಮತ್ತ ದಿಟ್ಟಿಸುತ್ತಾನಲ್ಲ, ಆಗ ಪಕ್ಕದವರ ಜೊತೆ ಗಟ್ಟಿಯಾಗಿ ‘ಹಾವೊ!’ (ಭೇಷ್!) ಅನ್ನಿ.